ಪರೀಕ್ಷೆಯ ತಾರೀಖು ನಮ್ಮ ಕೈಲಿಲ್ಲ, ಮನೆಯ ತಾರೀಖು ಇದೆ

ಎಂಬಿಬಿಎಸ್ ಓದಿದ ಮಕ್ಕಳಿಗೆ ನಮ್ಮ ಮದುವೆ ಮನೆಗಳಲ್ಲಿ ಎದುರಾಗುವ ಪ್ರಶ್ನೆಗಳು ಮೂರೇ. "ಕಲಿತು ಆಯ್ತಲ್ಲ, ಈಗೇನು ಮಾಡ್ತಾ ಇದ್ದೀ?" ಹೌಸ್ ಸರ್ಜನ್ ಅಂದರೆ, "ಅದು ಎಷ್ಟು ದಿನ?" ಪಿಜಿ ಪರೀಕ್ಷೆ ಬರೀಬೇಕು ಅಂದರೆ, "ಅದು ಯಾವಾಗ?" ಮೊದಲಿನ ಎರಡಕ್ಕೆ ಮಕ್ಕಳ ಹತ್ತಿರ ಉತ್ತರವಿದೆ. ಮೂರನೆಯದಕ್ಕೆ ಇಲ್ಲ. ಅದು ಅವರ ತಪ್ಪಲ್ಲ.

ಕಳೆದ ಕೆಲವು ವರ್ಷಗಳ ನೀಟ್ ಪಿಜಿ ಲೆಕ್ಕ ನೋಡಿ. 2021ರ ಪರೀಕ್ಷೆ ಏಪ್ರಿಲ್ 18ಕ್ಕೆ ನಿಗದಿಯಾಗಿತ್ತು, ನಡೆದದ್ದು ಸೆಪ್ಟೆಂಬರ್ 11ಕ್ಕೆ. ಸೀಟು ಹಂಚುವ ಕೌನ್ಸೆಲಿಂಗ್ ಶುರುವಾಗುವಾಗ 2022ರ ಜನವರಿ 12. 2022ರ ಪರೀಕ್ಷೆ ಮಾರ್ಚ್ 12ರಿಂದ ಮೇ 21ಕ್ಕೆ ಹೋಯಿತು. 2024ರಲ್ಲಂತೂ ಮಾರ್ಚ್ 3 ಅಂದರು, ಜುಲೈ 7 ಅಂದರು, ಜೂನ್ 23 ಅಂದರು. ಜೂನ್ 22ರ ರಾತ್ರಿ, ಬೆಳಗಾದರೆ ಪರೀಕ್ಷೆ ಅನ್ನುವಾಗ, ಮುಂದೂಡಿದರು. ಬ್ಯಾಗು ಹಿಡಿದು ಪರೀಕ್ಷಾ ಕೇಂದ್ರದ ಊರಿಗೆ ಹೋಗಿ ಕೂತಿದ್ದ ಮಕ್ಕಳು ಹಾಗೇ ವಾಪಸ್ ಬಂದರು. ಕೊನೆಗೆ ನಡೆದದ್ದು ಆಗಸ್ಟ್ 11ಕ್ಕೆ. 2025ರಲ್ಲಿ ಜೂನ್ 15ಕ್ಕೆ ಎರಡು ಪಾಳಿಯಲ್ಲಿ ನಡೆಸುವ ತಯಾರಿ ಇತ್ತು. ಒಂದೇ ಪಾಳಿಯಲ್ಲಿ ನಡೆಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದು ಆಗಸ್ಟ್ 3ಕ್ಕೆ ಹೋಯಿತು.

ಅಮೆರಿಕದಲ್ಲೂ ಡಾಕ್ಟರಿ ಓದುವವರಿಗೆ ಕೊನೆಯ ವರ್ಷ ಆತಂಕದ್ದೇ. ಯಾವ ಆಸ್ಪತ್ರೆ, ಯಾವ ಊರು ಸಿಗುತ್ತದೋ ಗೊತ್ತಿರುವುದಿಲ್ಲ. ಆದರೆ ಅದು ಗೊತ್ತಾಗುವ ದಿನ ಗೊತ್ತಿರುತ್ತದೆ: ಮಾರ್ಚ್ ತಿಂಗಳ ಮೂರನೇ ಶುಕ್ರವಾರ. ಅದನ್ನು ನೋಡಿಕೊಂಡು ಅವರು ವರ್ಷದ ಪೋಸ್ಟಿಂಗ್‌ಗಳನ್ನು ಹೊಂದಿಸಿಕೊಳ್ಳಬಹುದು. ನಮ್ಮ ಮಕ್ಕಳಿಗೆ ಊರೂ ಗೊತ್ತಿಲ್ಲ, ದಿನವೂ ಗೊತ್ತಿಲ್ಲ.

ಹಾಗಾದರೆ ಗೊತ್ತಿರುವುದು ಏನು? ಇಂಟರ್ನ್‌ಶಿಪ್‌ನ ಒಂದು ವರ್ಷ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಸಮುದಾಯ ವೈದ್ಯಕೀಯಕ್ಕೆ 12 ವಾರ, ಮೆಡಿಸಿನ್‌ಗೆ 6, ಸರ್ಜರಿಗೆ 6, ಹೆರಿಗೆ ವಿಭಾಗಕ್ಕೆ 7, ಹೀಗೆ ಎಲ್ಲ ವಿಭಾಗಕ್ಕೂ ವಾರಗಳ ಲೆಕ್ಕವಿದೆ. ಇಡೀ ವರ್ಷಕ್ಕೆ ರಜೆ 15 ದಿನ ಮಾತ್ರ. ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಆಯಾ ವಿಭಾಗದಲ್ಲಿ ಅಷ್ಟು ದಿನ ಮತ್ತೆ ದುಡಿದೇ ಸರ್ಟಿಫಿಕೇಟ್ ಪಡೆಯಬೇಕು.

ಇದರಲ್ಲೇನಿದೆ, ನಾಲ್ಕು ದಿನ ಹೆಚ್ಚು ದುಡಿದರಾಯ್ತು ಅನ್ನಬಹುದು. ಇಲ್ಲೇ ಇರುವುದು ಪೆಟ್ಟು. ಪರೀಕ್ಷೆ ಬರೆಯಲು ಇಂಟರ್ನ್‌ಶಿಪ್ ಯಾವ ದಿನದೊಳಗೆ ಮುಗಿಯಬೇಕು ಅನ್ನುವುದಕ್ಕೂ ಒಂದು ಗಡುವಿದೆ. 2025ರಲ್ಲಿ ಅದು ಜುಲೈ 31. ಜುಲೈ 29ಕ್ಕೆ ಮುಗಿಯಬೇಕಾದ ಇಂಟರ್ನ್‌ಶಿಪ್, ಹೆಚ್ಚುವರಿ ರಜೆಯಿಂದಾಗಿ ಆಗಸ್ಟ್ 2ಕ್ಕೆ ಹೋದರೆ, ಕಳೆದುಕೊಳ್ಳುವುದು ನಾಲ್ಕು ದಿನವನ್ನಲ್ಲ, ಒಂದು ವರ್ಷವನ್ನು. ಈ ಗಡುವೂ ಒಂದೇ ಕಡೆ ನಿಲ್ಲುವುದಿಲ್ಲ. 2023ರಲ್ಲಿ ಅದು ಮಾರ್ಚ್ 31 ಇದ್ದದ್ದು ಜೂನ್ 30 ಆಗಿ, ಆಮೇಲೆ ಆಗಸ್ಟ್ 11 ಆಯಿತು. ಕೊನೆಯ ಬದಲಾವಣೆ ಬಂದಾಗ ಮಾರ್ಚ್ 5ರ ಪರೀಕ್ಷೆಗೆ ಒಂದು ತಿಂಗಳೂ ಉಳಿದಿರಲಿಲ್ಲ. ಈ ಸಲ ನಮಗಿಲ್ಲ ಅಂತ ಪುಸ್ತಕ ಬದಿಗಿಟ್ಟವರು ಗಾಬರಿಯಿಂದ ಎತ್ತಿಕೊಳ್ಳಬೇಕಾಯಿತು.

ಈಗ ನಮ್ಮ ಮನೆಗಳ ಲೆಕ್ಕಕ್ಕೆ ಬರೋಣ. ಬೇಲೂರು, ಹಳೇಬೀಡು, ಅರಸೀಕೆರೆ ಕಡೆಯ ನಮ್ಮವರಿಗೆ ಸಂಬಂಧಗಳು ಘಟ್ಟದ ಮೇಲೂ ಇವೆ, ಕೆಳಗೂ ಇವೆ. ಮಗಳು ಹಾಸನದಲ್ಲಿ ಹೌಸ್ ಸರ್ಜನ್, ಚಿಕ್ಕಮ್ಮನ ಮಗಳ ಮದುವೆ ಉಳ್ಳಾಲದಲ್ಲಿ. ಮೈಲಾಂಜಿಗೆ ಒಂದು ದಿನ, ನಿಖಾಹ್‌ಗೆ ಒಂದು ದಿನ, ಶಿರಾಡಿ ಘಾಟಿ ಇಳಿದು ಹತ್ತುವುದಕ್ಕೆ ಇನ್ನೊಂದು. ಇಂಥ ಎರಡು ಮದುವೆಗೆ ಆರು ರಜೆ ಹೋಯಿತು. ಎರಡು ಪೆರ್ನಾಲ್‌ಗೆ ನಾಲ್ಕು. ಒಮ್ಮೆ ಜ್ವರ ಬಂದು ಮಲಗಿದರೆ ಮೂರು. ಉಳಿದದ್ದು ಎರಡು. ಇನ್ನು ಪರೀಕ್ಷೆ ಬರೆಯಲು ಬೇರೆ ಊರಿಗೆ ಹೋಗುವುದಕ್ಕೆ, ಅದಕ್ಕೆ ಮುಂಚೆ ಒಂದಷ್ಟು ದಿನ ಕೂತು ಓದುವುದಕ್ಕೆ ರಜೆ ಎಲ್ಲಿಂದ ತರುವುದು?

"ಒಂದು ದಿನ ಬಂದು ಮುಖ ತೋರಿಸಿ ಹೋದರೆ ಸಾಕು" ಅನ್ನುವ ಮಾತು ಪ್ರೀತಿಯದ್ದೇ. ಆದರೆ ಆ ಒಂದು ದಿನದ ಬೆಲೆ ಹೇಳುವವರಿಗೆ ಗೊತ್ತಿರುವುದಿಲ್ಲ, ಮಕ್ಕಳಿಗೆ ಹೇಳಲು ಬಾಯಿ ಬರುವುದಿಲ್ಲ. ಆ ಮಾತನ್ನು ಮನೆಯ ಹಿರಿಯರೇ ಹೇಳಬೇಕು: "ಈ ವರ್ಷ ಅವಳನ್ನು ಕರೀಬೇಡಿ, ಬೇಜಾರೂ ಮಾಡ್ಕೋಬೇಡಿ." ಉಮ್ಮ ಹೇಳಿದರೆ ಮುಗಿಯಿತು, ಮತ್ತೆ ಯಾರೂ ಕೇಳುವುದಿಲ್ಲ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತಿದೆ. ಪರೀಕ್ಷೆ ಎರಡು ತಿಂಗಳು ಮುಂದಕ್ಕೆ ಹೋಯಿತು ಅಂದ ಕೂಡಲೇ, "ಹೇಗೂ ಖಾಲಿ ಇದ್ದಾಳಲ್ಲ, ಮದುವೆ ಮುಗಿಸಿಬಿಡೋಣ" ಅನ್ನುತ್ತೇವೆ. ಮುಂದೂಡಿಕೆ ಅಂದರೆ ಬಿಡುವಲ್ಲ, ಓದಿನ ಅವಧಿ ಉದ್ದವಾಯಿತು ಅಷ್ಟೇ. ಮದುವೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಹೊಸ ಮನೆಗೆ ಕಾಲಿಟ್ಟು, ಹೊಸ ಅಡುಗೆಮನೆ ಸುಧಾರಿಸಿಕೊಂಡು, ಆ ಎರಡು ತಿಂಗಳಲ್ಲಿ ಹತ್ತೊಂಬತ್ತು ವಿಷಯ ತಿರುವಿ ಹಾಕು ಅಂದರೆ ಯಾರಿಂದಾದೀತು? ಮಗನಿಗೆ ಪರೀಕ್ಷೆ ಮುಂದೆ ಹೋದರೆ ಓದಿಕೋ ಅನ್ನುತ್ತೇವೆ. ಮಗಳಿಗೂ ಅದೇ ಮಾತು ಸಲ್ಲಬೇಕು.

ಇಷ್ಟು ಹೇಳಿದ ಮೇಲೆ ಮಕ್ಕಳಿಗೂ ಒಂದು ಮಾತು ಹೇಳಬೇಕು. ಪರೀಕ್ಷೆಯ ಭಯದಲ್ಲಿ ಮೊದಲು ಕತ್ತರಿ ಬೀಳುವುದು ಆ 12 ವಾರಗಳ ಸಮುದಾಯ ವೈದ್ಯಕೀಯ ಪೋಸ್ಟಿಂಗ್‌ಗೆ. ದೊಡ್ಡಾಸ್ಪತ್ರೆಯಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಹಳ್ಳಿ ಕಡೆಯ ಆರೋಗ್ಯ ಕೇಂದ್ರದಲ್ಲಿ ಸಹಿ ಹಾಕಿ ರೂಮಿಗೆ ಹೋಗಿ ಓದಬಹುದು ಎಂಬ ಲೆಕ್ಕ. ಆದರೆ ಅಲ್ಲಿ ಸಾಲಲ್ಲಿ ನಿಂತವರು ಯಾರು? ತೋಟದ ಕೆಲಸ ಬಿಟ್ಟು ಮಗುವನ್ನು ಎತ್ತಿಕೊಂಡು ಬಂದ ತಾಯಿ, ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದ ಅಜ್ಜ, ಅಂಗಡಿ ಬಾಗಿಲು ಹಾಕಿ ಬಂದ ನಮ್ಮದೇ ಬ್ಯಾರಿ ಕಾಕ. ಇವರಿಗೆಲ್ಲ ಇಬ್ಬರು ಡಾಕ್ಟರಿಗಿಂತ ಮೂವರು ಇದ್ದರೆ ಕಾಯುವ ಹೊತ್ತು ಕಡಿಮೆ. ಪಿಜಿ ಸೀಟು ಸಿಕ್ಕಿದರೆ ಒಂದು ವಿಭಾಗದಲ್ಲೇ ಮೂರು ವರ್ಷ ಕಳೆಯುತ್ತೀರಿ. ಜ್ವರದಿಂದ ಹಾವು ಕಡಿತದ ತನಕ ಎಲ್ಲವನ್ನೂ ಒಂದೇ ಬಾಗಿಲಲ್ಲಿ ನೋಡುವ ಅವಕಾಶ ಮತ್ತೆ ಸಿಗುವುದು ಕಷ್ಟ. ಸೀಟು ಸಿಗದೆ ಹೋದರೆ ನಾಳೆ ಊರಲ್ಲಿ ಕ್ಲಿನಿಕ್ ಇಡುವಾಗ ಕೈಹಿಡಿಯುವುದೂ ಇದೇ ಕಲಿಕೆ. ಹಗಲು ಹೊರರೋಗಿಗಳ ಜೊತೆ ಇರಿ, ರಾತ್ರಿ ಓದಿ.

ಪೋಸ್ಟಿಂಗ್‌ಗಳ ಸರದಿಯನ್ನು ಹೆಚ್ಚಾಗಿ ಕಾಲೇಜೇ ಮಾಡುತ್ತದೆ. ಅದಲು ಬದಲು ಕೇಳುವುದಿದ್ದರೆ ವರ್ಷದ ಶುರುವಿನಲ್ಲೇ ಕೇಳಬೇಕು. ಹೆರಿಗೆ, ಸರ್ಜರಿಯಂಥ ನಿದ್ದೆಗೆಡಿಸುವ ಪೋಸ್ಟಿಂಗ್ ಮೊದಲ ಅರ್ಧದಲ್ಲಿ ಮುಗಿದರೆ ಒಳ್ಳೆಯದು. ಮೊದಲು ಪ್ರಕಟವಾದ ತಾರೀಖನ್ನೇ ನಿಜವೆಂದು ನಂಬಿ ಓದು ಒಂದು ಸುತ್ತು ಮುಗಿಸಿ. ಮುಂದಕ್ಕೆ ಹೋದರೆ ಅದು ಎರಡನೇ ಸುತ್ತಿಗೆ. ಮುಂದಕ್ಕೆ ಹೋದೀತು ಅಂತ ಕಾದು ಕೂರಬೇಡಿ. ಕನಿಷ್ಠ ಐದು ರಜೆಯನ್ನು ಕೊನೆಯ ಎರಡು ತಿಂಗಳಿಗೆ ಉಳಿಸಿಕೊಳ್ಳಿ.

ಸರ್ಕಾರವನ್ನು ಕೇಳುವುದೂ ಇದೆ. ಎರಡು ಲಕ್ಷಕ್ಕೂ ಹೆಚ್ಚು ವೈದ್ಯರು ಬರೆಯುವ ಪರೀಕ್ಷೆಯ ದಿನ ಮತ್ತು ಇಂಟರ್ನ್‌ಶಿಪ್ ಗಡುವನ್ನು, ಮಕ್ಕಳು ಇಂಟರ್ನ್‌ಶಿಪ್‌ಗೆ ಕಾಲಿಡುವ ದಿನವೇ ಹೇಳಲಿ. ಹೇಳಿದ ಮೇಲೆ ಬದಲಿಸದಿರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ದುಡ್ಡೂ ಬೇಡ.

ಅದು ಆಗುವ ತನಕ ನಮ್ಮಿಂದ ಆಗುವ ಕೆಲಸ ಒಂದಿದೆ. ಮಗುವಿನ ಪೋಸ್ಟಿಂಗ್ ಪಟ್ಟಿಯನ್ನು ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ಅಂಟಿಸಿ. ಮನೆಯಲ್ಲಿ ಯಾವುದೇ ಕಾರ್ಯಕ್ಕೆ ದಿನ ಗೊತ್ತು ಮಾಡುವ ಮೊದಲು ಅದನ್ನೊಮ್ಮೆ ನೋಡಿ.