100 ಎಂಎಲ್ ಅಂದರೆ 100 ಗ್ರಾಂ: ಈ ಲೆಕ್ಕ ಎಲ್ಲದಕ್ಕೂ ಸರಿಯೇ?

ಕೇಕ್ ರೆಸಿಪಿಯಲ್ಲಿ ಎಂಎಲ್ ಎಂದು ಬರೆದಿದ್ದರೆ ಅಷ್ಟೇ ಗ್ರಾಂ ತೂಗಿ ಹಾಕಿ ಎಂಬ ಸಲಹೆಯನ್ನು ನೀವೂ ನೋಡಿರಬಹುದು. 1 ಲೀಟರ್ ಎಣ್ಣೆ ಪ್ಯಾಕೆಟ್‌ನಲ್ಲಿ 910 ಗ್ರಾಂ ಮಾತ್ರ ಇದೆ, ಇದು ಮೋಸ ಎಂಬ ಮಾತೂ ಆಗಾಗ ಹರಿದಾಡುತ್ತದೆ. ಇವೆರಡರ ಹಿಂದೆ ಇರುವುದು ಒಂದೇ ತಪ್ಪು ತಿಳಿವಳಿಕೆ.

ನಿಜ ಏನು?

ಎಂಎಲ್ ಹೇಳುವುದು ಪದಾರ್ಥ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು, ಗ್ರಾಂ ಹೇಳುವುದು ಅದರ ತೂಕವನ್ನು. ಇವೆರಡೂ ಸಮನಾಗುವುದು ನೀರಿಗೆ ಮಾತ್ರ. ಹಾಲು, ಮೊಸರು ಅದರ ಹತ್ತಿರ ಬರುತ್ತವೆ. ಉಳಿದವುಗಳಲ್ಲಿ ಸಾಂದ್ರತೆಗೆ ತಕ್ಕಂತೆ ತೂಕ ಬದಲಾಗುತ್ತದೆ.

100 ಎಂಎಲ್ ತೂಗಿದರೆ ಸುಮಾರು:

- ನೀರು: 100 ಗ್ರಾಂ
- ಹಾಲು: 103 ಗ್ರಾಂ
- ಅಡುಗೆ ಎಣ್ಣೆ: 92 ಗ್ರಾಂ
- ಕರಗಿದ ತುಪ್ಪ: 91 ಗ್ರಾಂ
- ಕಂಡೆನ್ಸ್ಡ್ ಮಿಲ್ಕ್: 130 ಗ್ರಾಂ
- ಜೇನುತುಪ್ಪ: 140 ಗ್ರಾಂ

ಮಂದವಾಗಿದ್ದರೆ ತೂಕ ಹೆಚ್ಚು ಎಂದುಕೊಳ್ಳಬೇಡಿ. ಎಣ್ಣೆ ನೀರಿಗಿಂತ ಮಂದ, ಆದರೂ ಹಗುರ. ಅದಕ್ಕೇ ಸಾರಿನ ಮೇಲೆ ತೇಲುತ್ತದೆ. ಜೇನಿನಲ್ಲಿ ಬಹುಪಾಲು ಸಕ್ಕರೆಯೇ ಇರುವುದರಿಂದ ಅದು ನೀರಿನಲ್ಲಿ ತಳ ಸೇರುತ್ತದೆ.

ಕೇಕ್‌ಗೆ ಏನಾಗುತ್ತದೆ?

ರೆಸಿಪಿ 120 ಎಂಎಲ್ ಎಣ್ಣೆ ಕೇಳಿದಾಗ 120 ಗ್ರಾಂ ತೂಗಿದರೆ ಸುಮಾರು 10 ಎಂಎಲ್ ಹೆಚ್ಚಾಗುತ್ತದೆ, ಅಂದರೆ ಎರಡು ಟೀ ಚಮಚ. ಕೇಕ್ ಸ್ವಲ್ಪ ಜಿಡ್ಡಾಗಬಹುದು, ಅಷ್ಟೇ. ಜೇನುತುಪ್ಪದಲ್ಲಿ ಪೆಟ್ಟು ದೊಡ್ಡದು. 100 ಗ್ರಾಂ ಬೇಕಿದ್ದಲ್ಲಿ 100 ಎಂಎಲ್ ಸುರಿದರೆ 40 ಗ್ರಾಂ ಹೆಚ್ಚುವರಿ ಬೀಳುತ್ತದೆ. ಜೇನು ಬೇಗ ಕಂದುಬಣ್ಣಕ್ಕೆ ತಿರುಗುವುದರಿಂದ ಒಳಗೆ ಬೇಯುವ ಮೊದಲೇ ಮೇಲ್ಭಾಗ ಕಪ್ಪಾಗಬಹುದು.

ಸರಿಯಾದ ಲೆಕ್ಕ

ಎಂಎಲ್ ಅನ್ನು ಸಾಂದ್ರತೆಯಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. ಎಣ್ಣೆಗೆ 0.92, ಜೇನಿಗೆ 1.4. ಹೀಗೆ 240 ಎಂಎಲ್ ಎಣ್ಣೆ ಸುಮಾರು 220 ಗ್ರಾಂ. ಗ್ರಾಂನಿಂದ ಎಂಎಲ್ ಬೇಕಿದ್ದರೆ ಭಾಗಿಸಿ.

ಎರಡು ಎಚ್ಚರಿಕೆಗಳಿವೆ. ಅಮೆರಿಕದ ರೆಸಿಪಿಗಳಲ್ಲಿ ಒಂದು ಕಪ್ ಅಂದರೆ ಸುಮಾರು 240 ಎಂಎಲ್, ಆಸ್ಟ್ರೇಲಿಯಾದಲ್ಲಿ 250. ಮನೆಯ ಲೋಟ ಆ ಕಪ್ ಅಲ್ಲ. ಇನ್ನು ಅಡುಗೆ ತೂಕದ ಯಂತ್ರದಲ್ಲಿ ಎಂಎಲ್ ಬಟನ್ ಇದ್ದರೆ ಅದು ಸಾಮಾನ್ಯವಾಗಿ ನೀರಿನ ಲೆಕ್ಕವನ್ನೇ ತೋರಿಸುತ್ತದೆ. ಮೇಲಿಟ್ಟಿರುವುದು ಎಣ್ಣೆಯೋ ಜೇನೋ ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾದರೆ ಎಣ್ಣೆ ಪ್ಯಾಕೆಟ್?

1 ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುವುದು ಸಹಜ. ಬಿಸಿಗೆ ಎಣ್ಣೆ ಹಿಗ್ಗುವುದರಿಂದ ಅದೇ 1 ಲೀಟರ್‌ನ ತೂಕ ಇನ್ನೂ ಕಡಿಮೆಯಾಗುತ್ತದೆ. ಹೀಗಾಗಿ ಲೀಟರ್ ಜೊತೆಗೆ ತೂಕವನ್ನೂ ಮುದ್ರಿಸಿ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಕಂಪನಿಗಳಿಗೆ ಸೂಚಿಸಿತ್ತು. ಆದರೆ 1 ಲೀಟರ್‌ಗಿಂತ ಕಡಿಮೆ ಎಣ್ಣೆ ಇರುವ ಪ್ಯಾಕೆಟ್‌ಗಳೂ ಮಾರುಕಟ್ಟೆಯಲ್ಲಿವೆ. ಬೆಲೆ ಹೋಲಿಸುವಾಗ ಗ್ರಾಂ ಸಂಖ್ಯೆಯನ್ನೇ ನೋಡಿ.

ಒಟ್ಟಿನಲ್ಲಿ, ಎಂಎಲ್ ಮತ್ತು ಗ್ರಾಂ ಒಂದೇ ಎಂಬ ಮಾತು ನೀರಿಗೆ ಸರಿ, ಹಾಲಿಗೆ ನಡೆಯುತ್ತದೆ, ಎಣ್ಣೆಗೂ ಜೇನಿಗೂ ತಪ್ಪು.