ಘಮ ಇರಲಿ, ಘಾಟು ಬೇಡ

ಅಲ್ಲಾ ಸ್ವಾಮಿ, ದಿನವಿಡೀ ದುಡಿದು ಸುಸ್ತಾಗಿ ಮನೆಗೆ ಬಂದವರಿಗೆ ಬೇಕಾಗಿರೋದಾದರೂ ಏನು? ಒಂದು ಬಕೆಟ್ ಬಿಸಿನೀರು, ಫೋನ್ ಮುಟ್ಟದ ಅರ್ಧ ಗಂಟೆ. ಈಗ ಅದಕ್ಕೂ ಒಂದು ಕಿಟ್ ಬಂದಿದೆ. ಲ್ಯಾವೆಂಡರ್ ಮೇಣದಬತ್ತಿ, ರಾತ್ರಿಯಿಡೀ ಹೊಗೆಯಾಡೋ ಡಿಫ್ಯೂಸರ್, ದಿಂಬಿಗೆ ಹೊಡೆಯೋ ಸ್ಪ್ರೇ. ಎಲ್ಲದರ ಮೇಲೂ ಅದೇ ಮಾತು: ಮೃದು, ಶಾಂತ, ನ್ಯಾಚುರಲ್. ಇವೆಲ್ಲ ಒಟ್ಟಿಗೆ ಇದ್ದರೇನೇ ಸೆಲ್ಫ್ ಕೇರ್ ಅಂತ ನಾವೂ ನಂಬಿಬಿಟ್ಟಿದ್ದೀವಿ.

ಪರಿಮಳದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಆ 'ಮೃದು' ಅನ್ನೋ ಪದದ ಬಗ್ಗೆ. ಮೃದುತ್ವ ಬಾಟಲಿಯೊಳಗೆ ಇರೋದಿಲ್ಲ, ನಾವು ಬಳಸುವ ಅಳತೆಯಲ್ಲಿರುತ್ತೆ. ಒಂದು ಮೊಳ ಮಲ್ಲಿಗೆ ಹಿತ. ಅದೇ ಮಲ್ಲಿಗೆಯನ್ನು ಬುಟ್ಟಿಗಟ್ಟಲೆ ಕಾರಿನಲ್ಲಿಟ್ಟು, ಗಾಜು ಏರಿಸಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತು ನೋಡಿ, ತಲೆ ಸಿಡಿಯುತ್ತೆ.

ಈ ಅಳತೆ ತಪ್ಪೋದಕ್ಕೆ ಕಾರಣ ನಮ್ಮ ಮೂಗು. ಒಂದೇ ವಾಸನೆ ಸ್ವಲ್ಪ ಹೊತ್ತು ಬರ್ತಾ ಇದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತೆ, ಆಮೇಲೆ ಗೊತ್ತೇ ಆಗೋದಿಲ್ಲ. 'ಘಮ ಹೋಯ್ತು' ಅಂತ ಇನ್ನೆರಡು ಹನಿ ಹಾಕ್ತೀವಿ. ಘಮ ಎಲ್ಲೂ ಹೋಗಿರೋದಿಲ್ಲ, ಕೋಣೆಯಲ್ಲೇ ಇರುತ್ತೆ, ನಾವು ಉಸಿರಾಡ್ತಾನೂ ಇರ್ತೀವಿ. ಪಕ್ಕದ ಮಂಚದವರು ಒಳಗೆ ಬಂದು ಸೀನಿದಾಗಲೇ ಸತ್ಯ ತಿಳಿಯೋದು. ಪಿಜಿಯಲ್ಲಿ, ಟೂ ಬಿಎಚ್‌ಕೆಯಲ್ಲಿ ಬದುಕೋ ನಮಗೆ ಇದು ಸಣ್ಣ ಮಾತಲ್ಲ. ಗೋಡೆಯಾಚೆ ಆಸ್ತಮಾ ಇರುವವರೊಬ್ಬರು ಇದ್ದರೆ ನಿಮ್ಮ ಆರೈಕೆ ಅವರಿಗೆ ಶಿಕ್ಷೆ.

'ನ್ಯಾಚುರಲ್ ರೀ, ಏನೂ ಆಗಲ್ಲ' ಅನ್ನೋ ಸಮಾಧಾನ ಬೇರೆ. ಲ್ಯಾವೆಂಡರಿನ ಘಮಕ್ಕೆ ಮುಖ್ಯ ಕಾರಣವಾದ ಲಿನಾಲೂಲ್ ಗಾಳಿ ತಾಗಿ ಹಳತಾದರೆ ಚರ್ಮಕ್ಕೆ ಅಲರ್ಜಿ ತರಬಲ್ಲದು. ಟೀ ಟ್ರೀ ಎಣ್ಣೆ ಬೆಕ್ಕಿಗೆ ವಿಷ. ಯುರೋಪಿನಲ್ಲಿ ಸೌಂದರ್ಯವರ್ಧಕಗಳ ಲೇಬಲ್ ಮೇಲೆ ಹೆಸರು ಹಾಕಲೇಬೇಕಾದ 26 ಅಲರ್ಜಿಕಾರಕ ಸುಗಂಧಗಳ ಪಟ್ಟಿ 2023ರಲ್ಲಿ ಎಂಬತ್ತು ದಾಟಿತು. ಅದರಲ್ಲಿ ಗಿಡಮೂಲದ ಎಣ್ಣೆಗಳೂ ಇವೆ. ನಿಮ್ಮ ಬಚ್ಚಲಿನ ಬಾಟಲಿಯನ್ನೊಮ್ಮೆ ತಿರುಗಿಸಿ ನೋಡಿ. ಎಷ್ಟೋ ಬಾಟಲಿಗಳಲ್ಲಿ ಸಿಗೋದು 'ಪರ್ಫ್ಯೂಮ್' ಅನ್ನೋ ಒಂದೇ ಪದ. ಅದರ ಹಿಂದೆ ಹತ್ತಾರು ರಾಸಾಯನಿಕಗಳಿರಬಹುದು.

ಹಾಗಂತ 'ನಮ್ಮ ಅಜ್ಜಿ ಕಾಲದ್ದೇ ಸರಿ' ಅಂತ ಎದೆ ತಟ್ಟಿಕೊಳ್ಳಬೇಡಿ. ಊದುಬತ್ತಿಯಾಗಲಿ, ಸಾಂಬ್ರಾಣಿಯಾಗಲಿ, ಉರಿದರೆ ಬರೋದು ಹೊಗೆಯೇ. ಎದೆಯೊಳಗೆ ಇಳಿಯುವ ಸೂಕ್ಷ್ಮ ಕಣ ಅದರಲ್ಲೂ ಇದೆ. ತೊಟ್ಟಿಮನೆಯಲ್ಲಿ ಆ ಹೊಗೆಗೆ ಆಕಾಶ ಇತ್ತು. ಎಸಿ ಹಾಕಿ ಕಿಟಕಿ ಮುಚ್ಚಿದ ನಮ್ಮ ಫ್ಲ್ಯಾಟಿನಲ್ಲಿ ಏನಿದೆ?

ಹಾಗಾದರೆ ಏನು ಆರಿಸಬೇಕು? ಉರಿಯದ್ದು, ತಾನಾಗಿ ಮಾಯವಾಗೋದು, ಒಂದು ಸಲಕ್ಕೆ ಒಂದೇ. ಗ್ರಂಧಿಗೆ ಅಂಗಡಿಯಲ್ಲಿ ಒಂದು ಹಿಡಿ ಲಾವಂಚದ ಬೇರು ತಂದು ಬಟ್ಟೆಯಲ್ಲಿ ಕಟ್ಟಿ ಬೀರುವಿನಲ್ಲಿಡಿ. ನೀರು ಚಿಮುಕಿಸಿ ಕಿಟಕಿಯ ಹತ್ತಿರ ತೂಗುಹಾಕಿ. ಮಣ್ಣಿನಂಥ ತಂಪು ವಾಸನೆ, ಹತ್ತಿರ ಹೋದರಷ್ಟೇ ಸಿಗುತ್ತೆ. ಗಂಧದ ಸೋಪು ಇಷ್ಟವೇ? ಸ್ನಾನ ಮಾಡಿ, ಅಷ್ಟೇ ಸಾಕು, ಅದರ ಮೇಲೆ ಬಾಡಿ ಮಿಸ್ಟ್ ಬೇಡ. ಎಣ್ಣೆಯೇ ಬೇಕು ಅಂದರೆ ಕೊಬ್ಬರಿ ಎಣ್ಣೆಯಲ್ಲಿ ಒಂದೆರಡು ಹನಿ ಬೆರೆಸಿ, ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ. ಒಳ್ಳೆಯ ಪರಿಮಳ ನಿಮ್ಮನ್ನು ದಾಟಿ ಪಕ್ಕದವರನ್ನು ತಲುಪಬಾರದು.

ಇನ್ನೊಂದು ಮಾತು. ರಾತ್ರಿ ಹನ್ನೊಂದಕ್ಕೆ ಕಾಲ್ ಇಡೋ ಕಂಪನಿಗಳೇ ದೀಪಾವಳಿಗೆ ಪರಿಮಳದ ಕ್ಯಾಂಡಲ್ ಕಳಿಸ್ತಾವೆ. ಆ ಕ್ಯಾಂಡಲ್ ನಮಗೆ ಬೇಡ, ಆ ಕಾಲ್ ತೆಗೆದುಬಿಡಿ ಅಂತ ಒಮ್ಮೆ ಕೇಳೋಣ. ನಿದ್ದೆಗೆ ಅದಕ್ಕಿಂತ ಹಿತವಾದ ಸುಗಂಧ ಯಾವ ಅಂಗಡಿಯಲ್ಲೂ ಸಿಗಲ್ಲ.