ಯಾವ ಕಾಲವು ಮೇಲಾದುದು?

ಹಳೆಯ ವಿದ್ಯಾರ್ಥಿನಿಯರು ನಾಲ್ವರು ಒಂದೆಡೆ ಕೂಡಿದಲ್ಲಿ ‘ನಮ್ಮ ಕಾಲವೇ ಕಾಲ’ ಎಂಬ ಮಾತು ಹುಟ್ಟದೆ ಇರುವುದಿಲ್ಲ. ಅಂದಿನ ಹಾಡುಗಾರಿಕೆ, ಅಂದಿನ ಡ್ರಿಲ್ಲು, ಅಂದಿನ ಶಿಸ್ತು ಇಂದೆಲ್ಲಿ ಎಂದು ಒಬ್ಬರು ಕೇಳಿದರೆ, ಇಂದಿನ ಹುಡುಗಿಯರು ಬಲ್ಲದ್ದರಲ್ಲಿ ಕಾಲುಪಾಲನ್ನೂ ನಾವು ಅರಿತಿರಲಿಲ್ಲವೆಂದು ಮತ್ತೊಬ್ಬರು ಉತ್ತರ ಕೊಡುವರು. ಸ್ವಂತ ಮನೆಯ ವ್ಯಾಜ್ಯದಲ್ಲಿ ನ್ಯಾಯ ಹೇಳುವುದು ಕಷ್ಟ. ನೆರೆಮನೆಯ ವ್ಯಾಜ್ಯದಲ್ಲಿ ಅದು ಬೇಗನೆ ಕಣ್ಣಿಗೆ ಬೀಳುತ್ತದೆ. ಆದುದರಿಂದ ಅಮೇರಿಕಾ ದೇಶದಲ್ಲಿ ಬಹುಕಾಲದಿಂದ ನಡೆದುಬಂದಿರುವ ಇಂಥದೇ ಒಂದು ವಿವಾದವನ್ನು ವಾಚಕರ ಮುಂದಿಡಲು ಬಯಸುತ್ತೇನೆ.

ಆ ದೇಶದಲ್ಲಿ ಡ್ರಮ್ ಕೋರ್ ಎಂಬ ಹೆಸರಿನ ತರುಣರ ವಾದ್ಯದಳಗಳುಂಟು. ಭೇರಿ ಮೊದಲಾದ ತಾಳವಾದ್ಯಗಳವರು, ಹಿತ್ತಾಳೆಯ ಕಹಳೆಗಳನ್ನೂದುವವರು, ಧ್ವಜಗಳನ್ನು ಬೀಸುವವರು, ಇವರೆಲ್ಲರೂ ಕೂಡಿ ವಿಶಾಲವಾದ ಬಯಲಿನಲ್ಲಿ ಹೆಜ್ಜೆಯಿಡುತ್ತ, ತಮ್ಮ ಸಾಲುಗಳನ್ನು ಕ್ಷಣಕ್ಷಣಕ್ಕೂ ಬೇರೆ ಬೇರೆ ಆಕಾರಗಳಿಗೆ ಮಾರ್ಪಡಿಸುತ್ತ, ಹತ್ತು ಹನ್ನೆರಡು ನಿಮಿಷ ನುಡಿಸುವರು. ತೀರ್ಪುಗಾರರು ನೂರಕ್ಕೆ ಇಷ್ಟೆಂದು ಅಂಕ ಕೊಡುವರು. ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸಿನವರೆಗಿನ ಮಕ್ಕಳು ಬೇಸಗೆಯ ರಜೆಯನ್ನೆಲ್ಲ ಇದಕ್ಕೇ ಮುಡಿಪಾಗಿಟ್ಟು, ಬಸ್ಸುಗಳಲ್ಲಿ ಊರೂರು ತಿರುಗಿ, ಶಾಲೆಗಳ ವ್ಯಾಯಾಮಶಾಲೆಯ ನೆಲದ ಮೇಲೆ ಮಲಗಿ ಎದ್ದು, ಬಿಸಿಲಿನಲ್ಲಿ ಅಭ್ಯಾಸಮಾಡುವರು.

1918ರಲ್ಲಿ ಮಹಾಯುದ್ಧವು ಮುಗಿದ ತರುವಾಯ ಮರಳಿ ಬಂದ ಯೋಧರ ಸಂಘಗಳು ಈ ದಳಗಳಿಗೆ ಆಶ್ರಯವಿತ್ತವು. ಕ್ರೈಸ್ತ ದೇವಾಲಯಗಳೂ ಹಿಂದೆ ಬೀಳಲಿಲ್ಲ. ನ್ಯೂಜರ್ಸಿಯ ಗಾರ್‌ಫೀಲ್ಡ್ ಪಟ್ಟಣದ ಹೋಲಿ ನೇಮ್ ಕೆಡೆಟ್ಸ್ ಎಂಬ ದಳವು 1934ರಲ್ಲಿಯೂ ಬಾಸ್ಟನ್ ಕ್ರುಸೇಡರ್ಸ್ ದಳವು 1940ರಲ್ಲಿಯೂ ಕಥೋಲಿಕ ದೇವಾಲಯಗಳ ನೆರಳಿನಲ್ಲಿಯೇ ಹುಟ್ಟಿದುವು. ಮುಂದೆ ದಳಗಳ ಮುಖ್ಯಸ್ಥರು ಸ್ಪರ್ಧೆಯ ನಿಯಮಗಳನ್ನು ತಾವೇ ಮಾಡಿಕೊಳ್ಳಲೆಳಸಿ 1971ರಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯನ್ನು ಕಟ್ಟಿದರು. 1972ರಲ್ಲಿ ವಿಸ್ಕಾನ್ಸಿನ್ ಪ್ರಾಂತದ ವೈಟ್‌ವಾಟರ್‌ನಲ್ಲಿ ನಡೆದ ಮೊದಲ ಸ್ಪರ್ಧೆಯಲ್ಲಿ ಅನಾಹೈಮ್ ಕಿಂಗ್ಸ್‌ಮೆನ್ ದಳವು ಗೆದ್ದಿತು.

ಈಗ ವಿವಾದವನ್ನು ಕೇಳಿರಿ. ಮೊದಲನೆಯ ಪಕ್ಷದವರು 1972ಕ್ಕೆ ಹಿಂದಿನ ಕಾಲವನ್ನು ಹೊಗಳುವರು. ಅಂದಿನ ಬ್ಯೂಗಲ್ಲುಗಳಲ್ಲಿ ವಾಲ್ವುಗಳೇ ಕಡಿಮೆ. ತುಟಿಯ ಬಲದಿಂದಲೇ ಬಹುಪಾಲು ಸ್ವರವನ್ನು ಹೊರಡಿಸಬೇಕಾಗಿತ್ತು. ನಡಿಗೆಯಲ್ಲಿ ಸೈನಿಕರ ಬಿಗಿಯಿತ್ತು. ಎರಡನೆಯ ಪಕ್ಷದವರಿಗೆ 1980ರ ದಶಕವೇ ಪ್ರಿಯವಾದುದು. 1977ರಲ್ಲಿ ಎರಡನೆಯ ವಾಲ್ವಿಗೆ ಅನುಮತಿ ದೊರೆತು ಸಂಗೀತವು ವಿಸ್ತಾರಗೊಂಡಿತು. 1983ರಲ್ಲಿ ಗಾರ್‌ಫೀಲ್ಡಿನ ಆ ಕೆಡೆಟ್ಸ್ ದಳವು ನಡಿಗೆಯ ಹಳೆಯ ಕಟ್ಟುಗಳನ್ನು ಮುರಿದು, ಸಾಲುಗಳನ್ನು ನೀರಿನಂತೆ ಹರಿಯಿಸಿ ಪ್ರಥಮ ಸ್ಥಾನವನ್ನು ಪಡೆಯಿತು. ಮೂರನೆಯವರು 1990ರ ದಶಕವನ್ನು ಎತ್ತಿಹಿಡಿದು, 1993ರಲ್ಲಿ ಕೆಡೆಟ್ಸ್ 97.4, ಸ್ಟಾರ್ ಆಫ್ ಇಂಡಿಯಾನಾ 97.3 ಅಂಕಗಳನ್ನು ಪಡೆದ ರಾತ್ರಿಯ ತೀರ್ಪು ಸರಿಯೋ ತಪ್ಪೋ ಎಂದು ಇಂದಿಗೂ ಕಾದಾಡುವರು. ನಾಲ್ಕನೆಯವರು ಹೊಸ ಕಾಲದವರು. 2000ದಲ್ಲಿ ಬೇರೆ ಶ್ರುತಿಗಳ ಹಿತ್ತಾಳೆ ವಾದ್ಯಗಳಿಗೂ, 2004ರಲ್ಲಿ ಧ್ವನಿವರ್ಧಕಕ್ಕೂ, 2009ರಲ್ಲಿ ವಿದ್ಯುದ್ವಾದ್ಯಗಳಿಗೂ ಬಾಗಿಲು ತೆರೆದ ಮೇಲೆಯೇ ಈ ಕಲೆಯು ಪೂರ್ಣತೆಯನ್ನು ಪಡೆಯಿತೆಂಬುದು ಅವರ ವಾದ. ಹಳಬರು ಇದಕ್ಕೆ ಕಿವಿ ಮುಚ್ಚಿಕೊಳ್ಳುವರು.

ಅಂಕಗಳಿಂದ ಈ ವ್ಯಾಜ್ಯವನ್ನು ತೀರಿಸಬಹುದೆಂದು ಕೆಲವರು ತಿಳಿಯುವರು. 1972ರಲ್ಲಿ ಗೆದ್ದ ದಳಕ್ಕೆ ದೊರೆತುದು 88ಕ್ಕೆ ತುಸು ಮೇಲೆ; 2014ರಲ್ಲಿ ಬ್ಲೂ ಡೆವಿಲ್ಸ್ ದಳಕ್ಕೆ ದೊರೆತುದು 99.65. ಆದರೆ ಹಿಂದೆ ತಪ್ಪೊಂದಕ್ಕೆ ಒಂದು ದಶಾಂಶದಂತೆ ಕಳೆಯುವ ಪದ್ಧತಿಯಿತ್ತು. 1980ರ ದಶಕದಲ್ಲಿ ಅದನ್ನು ಕೈಬಿಟ್ಟು, ಗುಣಗಳಿಗೆ ಅಂಕ ಕಟ್ಟುವ ಪದ್ಧತಿಯನ್ನು ತಂದರು. ಬಳ್ಳವನ್ನೇ ಬದಲಿಸಿದ ಮೇಲೆ ಎರಡು ವರ್ಷಗಳ ಬೆಳೆಯನ್ನು ಹೋಲಿಸುವುದೆಂತು? 2008ರಲ್ಲಿ ಫ್ಯಾಂಟಮ್ ರೆಜಿಮೆಂಟ್ 98.125, ಬ್ಲೂ ಡೆವಿಲ್ಸ್ 98.100 ಎಂದು ತೀರ್ಪಾಯಿತು. ಒಂದು ರಾತ್ರಿಯ ಎರಡು ದಳಗಳನ್ನು ಅಂಕಗಳು ಹೀಗೆ ಕೂದಲೆಳೆಯಷ್ಟು ಬೇರ್ಪಡಿಸಬಲ್ಲವು. ಎರಡು ಕಾಲಗಳನ್ನು ತೂಗಲಾರವು.

ನನ್ನ ಅಭಿಪ್ರಾಯದಲ್ಲಿ ಈ ನಾಲ್ಕು ಪಕ್ಷದವರೂ ಒಂದು ವಿಷಯವನ್ನು ಮರೆತಿರುವರು. ಅವರೆಲ್ಲರೂ ಪ್ರೇಕ್ಷಕರ ಪೀಠದಲ್ಲಿ ಕುಳಿತು ಮಾತನಾಡುತ್ತಾರೆ. ಕೊನೆಯ ರಾತ್ರಿಯ ಸ್ಪರ್ಧೆಗೆ ಏರುವವು ಹನ್ನೆರಡೇ ದಳಗಳು. ಧ್ವನಿಮುದ್ರಿಕೆಗಳಲ್ಲಿ ಹೆಚ್ಚಾಗಿ ಉಳಿದಿರುವುದು ಅವುಗಳ ವಾದನವೇ. ಆ ಹನ್ನೆರಡರ ಆಚೆಗೆ ತಮ್ಮ ಊರಿನ ಬೀದಿಯಲ್ಲಿಯೇ ಮೆರವಣಿಗೆ ಹೋಗಿ ತೃಪ್ತರಾದ ಮಕ್ಕಳೆಷ್ಟು ಮಂದಿ! 1970ರ ದಶಕದಲ್ಲಿ ಅಂಥ ದಳಗಳು ನೂರಾರು ಇದ್ದುವು. ಇಂದು ಆ ಸಂಸ್ಥೆಯ ಸ್ಪರ್ಧೆಗಳಲ್ಲಿ ಕಾಣುವ ದಳಗಳು ನೂರನ್ನು ಮುಟ್ಟುವುದಿಲ್ಲ. ಪ್ರತಿಯೊಂದು ದಳವೂ ದೊಡ್ಡದಾಗಿದೆ, ನಿಜ. 128 ಮಂದಿಯ ಮಿತಿಯು 150ನ್ನು ದಾಟಿದೆ. ಆದರೆ ಬಾಗಿಲುಗಳು ಕಡಿಮೆಯಾದುವು. ದೇಶದಾದ್ಯಂತ ಸಂಚರಿಸುವ ವೆಚ್ಚವನ್ನು ಚಿಕ್ಕ ಊರಿನ ದಳಗಳು ತಾಳಲಾರದೆ ಹೋದುವು. ಇಂದು ದೊಡ್ಡ ದಳವೊಂದನ್ನು ಸೇರುವ ಮಗುವು ಒಂದು ಬೇಸಗೆಗೆ ಹಲವು ಸಾವಿರ ಡಾಲರುಗಳನ್ನು ತೆರಬೇಕು. ದೇವಾಲಯದ ಅಂಗಳದಲ್ಲಿ ಹುಟ್ಟಿದ ಕೆಡೆಟ್ಸ್ ದಳವೇ ತೊಂಬತ್ತು ವರ್ಷ ಬಾಳಿ 2024ರಲ್ಲಿ ದಿವಾಳಿಯಾಗಿ ಮುಚ್ಚಿತು. ಅದಕ್ಕೆ ಕಾರಣಗಳು ಬೇರೆಯೂ ಇದ್ದುವು. ಬಾಸ್ಟನ್ ಕ್ರುಸೇಡರ್ಸ್ ಮಾತ್ರ ಹುಟ್ಟಿದ ಎಂಬತ್ತೈದನೆಯ ವರ್ಷದಲ್ಲಿ, 2025ರಲ್ಲಿ, ಈ ಸಂಸ್ಥೆಯ ಪ್ರಥಮ ಸ್ಥಾನವನ್ನು ಮೊದಲ ಬಾರಿಗೆ ಪಡೆಯಿತು.

ಹಾಗಾದರೆ ಹಿಂದಿನದೇ ಮೇಲೆಂದು ನಾನು ಹೇಳುವೆನೆ? ಹೆಣ್ಣುಮಕ್ಕಳ ಶಾಲೆಯವಳಾದ ನಾನು ಹಾಗೆ ಹೇಳಲಾರೆ. ಹಳೆಯ ದಳಗಳಲ್ಲಿ ಅನೇಕವು ಕೇವಲ ಹುಡುಗರವು. ಹುಡುಗಿಯರೇ ಕಟ್ಟಿಕೊಂಡ ದಳಗಳಿಗೆ 1970ರ ದಶಕದಲ್ಲಿ ಪ್ರತ್ಯೇಕ ಸ್ಪರ್ಧೆಯನ್ನು ಏರ್ಪಡಿಸುತ್ತಿದ್ದರು. 1938ರಲ್ಲಿ ಹುಟ್ಟಿದ ಮ್ಯಾಡಿಸನ್ ಸ್ಕೌಟ್ಸ್ ದಳವು ಹೆಣ್ಣುಮಕ್ಕಳಿಗೂ ಎಡೆಗೊಡುವೆನೆಂದು ಸಾರಿದುದು 2019ರಲ್ಲಿ. ಬಡವರಿಗೆ ತೆರೆದಿದ್ದ ಬಾಗಿಲು ಹುಡುಗಿಯರಿಗೆ ಮುಚ್ಚಿತ್ತು. ಹುಡುಗಿಯರಿಗೆ ತೆರೆದ ಬಾಗಿಲು ಬಡವರಿಗೆ ಮುಚ್ಚುತ್ತಿದೆ. ಈ ಎರಡರ ನಡುವೆ, ಅನೇಕ ದಳಗಳಲ್ಲಿ ಹುಡುಗಿಯರು ಆಗಲೇ ಕಾಲಿಟ್ಟಿದ್ದ, ಊರಿನ ಚಿಕ್ಕ ದಳಗಳೂ ಇನ್ನೂ ಅಳಿಯದಿದ್ದ 1970ರ ದಶಕದ ಕೊನೆಯ ವರ್ಷಗಳಿಗೆ ನಾನು ಮತ ಕೊಡುವೆನು. ಅಂದಿನ ವಾದನವು ಇಂದಿನದಕ್ಕಿಂತ ಒರಟಾಗಿತ್ತೆಂದು ಯಾರಾದರೂ ಆಕ್ಷೇಪಿಸಿದರೆ, ಒಪ್ಪಿಕೊಳ್ಳುವೆನು. ಮಕ್ಕಳ ವಾದ್ಯದಳವಿರುವುದು ವಾದ್ಯಕ್ಕಾಗಿ ಮಾತ್ರವಲ್ಲ, ಮಕ್ಕಳಿಗಾಗಿ.

ಹಿಂದಿನ ದಿನಗಳು ಇಂದಿಗಿಂತ ಮೇಲಾಗಿದ್ದುವೇಕೆಂದು ಕೇಳುವುದು ಜ್ಞಾನದ ಪ್ರಶ್ನೆಯಲ್ಲವೆಂದು ಪ್ರಸಂಗಿಯು ಎಚ್ಚರಿಸಿರುವನು. ಆ ಎಚ್ಚರಿಕೆಯು ನಮಗೂ ಸಲ್ಲುತ್ತದೆ. ಆದರೆ ಒಂದು ಕಾಲವು ಯಾರನ್ನು ಒಳಗೆ ಕರೆಯಿತು, ಯಾರನ್ನು ಹೊರಗೆ ನಿಲ್ಲಿಸಿತು ಎಂದು ಕೇಳುವುದು ಬೇರೆಯ ಪ್ರಶ್ನೆ. ಅದು ಕೇಳತಕ್ಕ ಪ್ರಶ್ನೆಯೇ ಸರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಕಾಲವನ್ನು ನೆನೆಯುವಾಗ ಗೆದ್ದ ಪದಕಗಳನ್ನಲ್ಲದೆ, ನಿಮ್ಮ ತರಗತಿಯಲ್ಲಿ ಯಾವ ಹುಡುಗಿಗೆ ವೇದಿಕೆಯೇರುವ ಅವಕಾಶ ಸಿಕ್ಕಲಿಲ್ಲವೆಂಬುದನ್ನೂ ನೆನೆಯಿರಿ. ತಂದೆತಾಯಿಗಳೇ, ಶಾಲೆಯ ವಾರ್ಷಿಕೋತ್ಸವವು ವರ್ಷವರ್ಷಕ್ಕೂ ಹೆಚ್ಚು ಅಂದವಾಗಲೆಂದು ನೀವು ಬಯಸುವುದು ಸಹಜವೇ. ಆದರೆ ಸಮವಸ್ತ್ರದ ಬೆಲೆಯನ್ನು ತೆರಲಾರದ ಮನೆಯ ಮಗುವು ಡ್ರಮ್ಮನ್ನು ಮುಟ್ಟದೆಯೇ ಶಾಲೆ ಬಿಟ್ಟುಹೋಗುವಷ್ಟು ಅಂದವು ನಮಗೆ ಬೇಡ. ಒಬ್ಬಳು ಹೆಜ್ಜೆ ತಪ್ಪಿದರೂ ಚಿಂತೆಯಿಲ್ಲ. ಅವಳಿಗೂ ಸಾಲಿನಲ್ಲಿ ಒಂದು ಸ್ಥಳವಿರಲಿ.